ಇನ್ನೊಂದಕ್ಕೆ ಇಡಬಾರದ ಹೆಸರು

೧೪ ನವೆಂಬರ್, ಶುಕ್ರವಾರ, ಪಲ್ಲಡಂ

ಅವ್ವ ಇವತ್ತು ಆಡಿದ ಮಾತು ತಲೆಯಿಂದ ಹೋಗುತ್ತಿಲ್ಲ.

ಮಗು ಧರಣಿ ಅಕ್ಕನ ಹೊಟ್ಟೆಯಲ್ಲಿದ್ದಾಗ ಅದನ್ನು ನಾನು ‘ಉನುನೆನಿಯಮ್’ ಎನ್ನುತ್ತಿದ್ದೆ. ಇನ್ನೂ ಯಾರೂ ತಯಾರಿಸಲಾಗದ ನೂರಹತ್ತೊಂಬತ್ತನೇ ಮೂಲಧಾತುವಿಗೆ ಸದ್ಯಕ್ಕಿರುವ ಹೆಸರು ಅದು. ನಾಮಕರಣ ಸಮಿತಿಯ ಅಧ್ಯಕ್ಷ ನಾನೇ. ಧಾತುಗಳಿಗೆ ಹೆಸರಿಡುವ ನಿಯಮದಂತೆಯೇ, ಕಂಡುಹಿಡಿದವರು ಹೆಸರು ಸೂಚಿಸತಕ್ಕದ್ದು, ಆಕ್ಷೇಪಣೆಗೆ ಐದು ತಿಂಗಳು ಎಂದು ಮಗ್ಗದ ಶೆಡ್ಡಿನಲ್ಲಿ ನಿಂತು ಘೋಷಿಸಿದ್ದೆ.

“ಕಂಡುಹಿಡಿದವಳು ನಾನುಡಾ! ಹೆಸರು ಪ್ರಕೃತಿ. ಆಕ್ಷೇಪಣೆ ಅಂದ್ರೆ ಒದೆ ಬೀಳ್ತದೆ,” ಎಂದಿದ್ದಳು ಅಕ್ಕ.

ಮಗು ಹುಟ್ಟಿದ ಮರುದಿನವೇ ಹೋಯಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರವೂ ಆಗಿರಲಿಲ್ಲ.

ಇವತ್ತು ಅವ್ವ ಅಕ್ಕನ ತಲೆ ಸವರುತ್ತಾ, “ಬಿಡು ಕಣ್ಣೂ, ಆ ಹೆಸರ ಮುಂದಿನ ಕೂಸಿಗೆ ಇಡೋಣ,” ಎಂದಳು. ಅಕ್ಕ ನನ್ನನ್ನು ನೋಡಿದಳು.

ನಾನು ಎದ್ದು ನಿಂತೆ. ಅಧ್ಯಕ್ಷರ ದನಿಯಲ್ಲೇ ಹೇಳಿದೆ: “ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಒಂದಕ್ಕೆ ಬಳಸಿದ ಹೆಸರನ್ನು ಇನ್ನೊಂದಕ್ಕೆ ಇಡುವಂತಿಲ್ಲ.”

ನಿಯಮ ನಿಜವಾದದ್ದೇ. ಪ್ರಯೋಗಾಲಯದಲ್ಲಿ ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಒಡೆದುಹೋಗುವ ಧಾತುವಿನ ಹೆಸರೂ ಅದರದೇ.

“ತಮಾಷೆಗೂ ಹೊತ್ತುಗೊತ್ತು ಬೇಡ್ವಾಡಾ?” ಎಂದು ಅವ್ವ ರೇಗಿದಳು.

“ಅವ ತಮಾಷೆ ಮಾಡ್ತಿಲ್ಲವ್ವಾ,” ಎಂದಳು ಅಕ್ಕ. ಆಮೇಲೆ, ಇಷ್ಟು ದಿನ ಕಲ್ಲಿನಂತೆ ಕೂತಿದ್ದವಳು ಜೋರಾಗಿ ಅತ್ತಳು.

ಪಕ್ಕದ ಕೋಣೆಯಲ್ಲಿ ಇನ್ನೂ ಅಳುತ್ತಿದ್ದಾಳೆ, ಹೆಸರು ಹಿಡಿದು ಕರೆಯುತ್ತಾ. ಮಗು ಹೋದ ಮೇಲೆ ಮನೆಯಲ್ಲಿ ಯಾರೂ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನಾನೂ ಇಲ್ಲಿಂದಲೇ, ಮೆಲ್ಲಗೆ ಒಂದು ಸಲ ಕರೆದೆ: ಪ್ರಕೃತಿ.