ತಿರುಳಿಗೆ ಹಸಿವಿಲ್ಲ

ಎರಡನೆಯ ಶಕೆ ೨೧೨, ಹದಿನಾಲ್ಕನೆಯ ತಿಂಗಳ ಮೂರನೆಯ ದಿನ

ಪ್ರೊಫೆಸರ್ ಶಂಭುಲಿಂಗ ಅರಳಿಕೆರೆಯವರಿಗೆ ತುಂಗವ್ವ ಬರೆಯುವುದು.

ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಮಿಕ್ಕ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು, ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ. ನನ್ನ ಸಲವನ್ನು ನಿಮಗಾಗಿ ಮೂವತ್ತು ವರ್ಷ ಕಾದಿಟ್ಟಿದ್ದೆ.

ನೀವೀಗ ಪುಸ್ತಕ ಬರೆದು ಮುಗಿಸಿದ್ದೀರಿ. ಮೇಲು ಕೀಳು, ಗಂಡಿನ ಗುಣ, ಹೆಣ್ಣಿನ ಗುಣ ಎಲ್ಲವೂ ಮನುಷ್ಯರೇ ಕಟ್ಟಿಕೊಂಡದ್ದು, ಬೇಕೆಂದರೆ ಬಿಚ್ಚಬಹುದು ಎನ್ನುವ ರಚನಾವಾದಿಗಳನ್ನು ಅದರಲ್ಲಿ ಚೆನ್ನಾಗಿ ಗೇಲಿ ಮಾಡಿದ್ದೀರಿ. ಯಾರೂ ಕಟ್ಟಿದ್ದಲ್ಲ, ಪ್ರತಿಯೊಬ್ಬರೊಳಗೂ ಹುಟ್ಟಿನಿಂದಲೇ ಬದಲಾಗದ ಒಂದು ತಿರುಳಿದೆ ಎಂದಿದ್ದೀರಿ. ನಿಮಗೆ ಅದು ವಾದ. ನಮಗೆ ಕಾನೂನು.

ನಮ್ಮಲ್ಲಿ ಮಗು ಹುಟ್ಟಿದ ತೊಂಬತ್ತನೆಯ ದಿನ ತಿರುಳೋದು, ಎಂದರೆ ಅದರ ತಿರುಳನ್ನು ಓದಿ ಬರೆದಿಡುವ ಶಾಸ್ತ್ರ. ಮಗುವಿನ ನಾಲಿಗೆಗೆ ಒಂದು ಹನಿ ಜೇನು ಸವರುತ್ತಾರೆ. ಚಪ್ಪರಿಸಿದರೆ ಎಣಿಸುವ ತಿರುಳು: ಶಾಲೆ, ಕಚೇರಿ, ಎತ್ತರದ ಬೀದಿಯಲ್ಲಿ ಮನೆ. ಮುಖ ತಿರುಗಿಸಿದರೆ ಹೊರುವ ತಿರುಳು: ಸಾಯುವ ತನಕ ಕಡಲಗೋಡೆಗೆ ಕಲ್ಲು, ಇಲ್ಲವೇ ಎಣಿಸುವವರ ಮನೆಗೆ ನೀರು ಹೊರಬೇಕು. ಎರಡನೆಯ ಸಲ ಓದುವಂತಿಲ್ಲ. ತಿರುಳು ಬದಲಾಗದು ಎಂದು ನೀವೇ ಬರೆದಿದ್ದೀರಲ್ಲ!

ನಾನು ಎಣಿಸುವವಳಾಗಿದ್ದೆ. ನನ್ನ ಮಗಳು ನೇಸರಿಯ ದಿನ, ಮಗು ಅತ್ತೀತೆಂದು ಹೊಟ್ಟೆ ತುಂಬ ಹಾಲೂಡಿಸಿ ಕರೆದೊಯ್ದೆ. ಜೇನು ಸವರಿದರು. ಅವಳು ಮುಖ ತಿರುಗಿಸಿದಳು. "ಈಗಷ್ಟ ಹಾಲು ಕುಡದೈತ್ರಿ, ಹೊಟ್ಟಿ ತುಂಬೇತ್ರಿ" ಎಂದು ಕಾಲಿಗೆ ಬಿದ್ದೆ. ನಿಮ್ಮ ವಂಶದವನೇ ಆದ ಓದುಗ ಇಂದುಧರ ತಲೆ ಎತ್ತಲೇ ಇಲ್ಲ. "ತಿರುಳಿಗೆ ಹಸಿವಿ ಇರೂದಿಲ್ಲವ್ವಾ" ಎಂದು ಬರೆದುಕೊಂಡ.

ಮಗುವಿನ ಜೊತೆ ತಾಯಿಯೂ ಕೆಳಗಿನ ಕೇರಿಗೆ ಇಳಿಯಬಹುದು. ಇಳಿದೆ. ಯಾರೂ ಕಲಿಸದಿದ್ದರೂ ನೇಸರಿ ತಾನು ಹೊತ್ತ ಕಲ್ಲುಗಳ ಮೇಲೆ ಇದ್ದಿಲಿನಿಂದ ಲೆಕ್ಕ ಬಿಡಿಸುತ್ತಿದ್ದಳು. ಗೋಡೆ ಎಲ್ಲಿ ಕುಸಿಯುತ್ತದೆಂದು ಲೆಕ್ಕ ಹಾಕಿ ಮೇಸ್ತ್ರಿಗೆ ಹೇಳಿದಳು. ಹೊರುವವಳ ಲೆಕ್ಕ ಯಾರು ಕೇಳುತ್ತಾರೆ? ಅವಳು ಹೇಳಿದಲ್ಲೇ ಕುಸಿಯಿತು, ಅವಳ ಮೇಲೆಯೇ. ಹತ್ತೊಂಬತ್ತು ವರ್ಷ ಅವಳಿಗೆ. ನಿಮ್ಮ ಪುಸ್ತಕಕ್ಕೆ ಬೆಂಕಿ ಬೀಳಲಿ.

ಆಮೇಲೆ ಇಂದುಧರನ ಮನೆಯಲ್ಲೇ ನೀರು ಹೊರುವ ಕೆಲಸಕ್ಕೆ ಸೇರಿದೆ. ಅಲ್ಲಿ ಒಂದು ಸಂಗತಿ ಕಂಡೆ. ತಿರುಳೋದಿನ ದಿನ ಆ ಮನೆಯವರು ಬೆಳಗಿನಿಂದ ತಮ್ಮ ಮಗುವಿಗೆ ಒಂದು ತೊಟ್ಟು ಹಾಲು ಕೊಡುವುದಿಲ್ಲ. ಯಾರಿಗೂ ಹೇಳುವುದೂ ಇಲ್ಲ. ಥೂ, ಕಳ್ಳರಾ!

ಹೋದ ವಾರ ಅವನ ಮೊಮ್ಮಗಳು ಇಂಪನಾಳ ತಿರುಳೋದು. ಮಗುವನ್ನು ಒಳಮನೆಯಿಂದ ಪಡಸಾಲೆಗೆ ಎತ್ತಿ ತರುವುದು ಹೊರುವವರ ಕೆಲಸ. ನಡುವಿನ ಕತ್ತಲೆ ಓಣಿಯಲ್ಲಿ ಕೂತು, ಸೆರಗಿನಲ್ಲಿ ಮುಚ್ಚಿಟ್ಟಿದ್ದ ಒಳಲೆಯಿಂದ ಹಾಲು ಕುಡಿಸಿದೆ. ಪಾಪ, ಎಷ್ಟು ಹಸಿದಿತ್ತು! ತೇಗು ಬರುವ ತನಕ ಕುಡಿಸಿದೆ.

ಜೇನು ಸವರಿದರು. ಮಗು ಮುಖ ತಿರುಗಿಸಿತು. ಊರೆಲ್ಲ ನೋಡುತ್ತಿತ್ತು. ಅದರ ಬಾಯಲ್ಲಿ ಹಾಲಿನ ವಾಸನೆ ಹಿಡಿದ ಇಂದುಧರ "ಯಾರೋ ಹಾಲು ಕುಡಿಸ್ಯಾರ!" ಎಂದು ಚೀರಿದ. ನಾನು ಹಿಂದಿನಿಂದ ಮೆಲ್ಲಗೆ ಹೇಳಿದೆ: "ತಿರುಳಿಗೆ ಹಸಿವಿ ಇರೂದಿಲ್ಲರೀ." ಅವನು ನನ್ನ ಗುರುತು ಹಿಡಿದ. ಆದರೂ ಹೊರುವ ತಿರುಳೆಂದು ತನ್ನ ಕೈಯಾರೆ ಬರೆಯಬೇಕಾಯಿತು. ಹಾಲು ಓದಿನ ಫಲವನ್ನು ಕೆಡಿಸುತ್ತದೆಂದು ಒಪ್ಪಿದರೆ ಅವನು ಓದಿದ ಒಂದು ತಿರುಳೂ ಉಳಿಯುತ್ತಿರಲಿಲ್ಲ. ಅದೇ ಕಾರಣಕ್ಕೆ ನನ್ನನ್ನು ಕೆಲಸದಿಂದ ತೆಗೆಯಲೂ ಆಗಲಿಲ್ಲ.

ಮಗುವಿನ ಜೊತೆ ಆ ಮನೆಯಿಂದ ಯಾರೂ ಇಳಿಯಲಿಲ್ಲ. ಈಗ ಅದು ನನ್ನ ತೊಡೆಯ ಮೇಲಿದೆ. ನನ್ನ ಬೆರಳು ಹಿಡಿದು ನಗುತ್ತದೆ. ಅದು ಏನೂ ಮಾಡಿಲ್ಲವೆಂದು ನನಗೆ ಗೊತ್ತು. ನೇಸರಿ ಏನು ಮಾಡಿದ್ದಳು?

ಹಸ್ತಪ್ರತಿ ಇನ್ನೂ ನಿಮ್ಮ ಮೇಜಿನ ಮೇಲಿದೆ. ಸುಟ್ಟುಬಿಡಿ. ಅದರಿಂದ ನನ್ನ ಮಗಳು ಬದುಕುತ್ತಾಳೋ ಇಲ್ಲವೋ, ನಾನರಿಯೆ. ಸುಡದಿದ್ದರೆ ಕೇಳಿ, ನಿಮ್ಮ ವಂಶದ ಆ ಮನೆಯ ಇನ್ನೊಬ್ಬ ಸೊಸೆಗೆ ಈಗ ಏಳು ತಿಂಗಳ ಬಸಿರು.

ಒಳಲೆ ತೊಳೆದಿಟ್ಟಿದ್ದೇನೆ.