ಬೀಗರ ಮೂಗು, ನಮ್ಮ ಮಾಸ್ಕು

ಹೊಲಿಗೆ ಶೆಡ್ಡು,
ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹಾಲಿನವಳ ಕೈಯಲ್ಲಿ ಕಳಿಸಿದ ನಿನ್ನ ಕಾಗದ ಓದಿದೆ. ಎರಡು ಬೀದಿ ಆಚೆ ಇದ್ದುಕೊಂಡು ಕಾಗದ ಬರೆಯುವ ಕಾಲ ಬಂತಲ್ಲೇ! ಅಮ್ಮಾ, ನಾಮಪತ್ರ ವಾಪಸ್ ತಗೋ, ನಮ್ಮ ಮಾವನ ಎದುರಿಗೇ ನಗರಸಭೆ ಚುನಾವಣೆಗೆ ನಿಂತರೆ ಈ ಮನೇಲಿ ನನ್ನ ಗತಿ ಏನು ಅಂತ ಕೇಳಿದ್ದೀಯ. ಕೇಳಬೇಕಾದ ಮಾತೇ. ಆದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಕಣೇ.

ಸೋಂಕು ಬಂದಾಗ ಗಾರ್ಮೆಂಟ್ಸ್ ಮಾಲೀಕ ತಾನು ಬಾಡಿಗೆಗೆ ಹಿಡಿದಿದ್ದ ನಗರಸಭೆ ಶೆಡ್ಡಿಗೆ ಬೀಗ ಜಡಿದು ಕಾಲ್ಕಿತ್ತ. ಸಂಬಳವಿಲ್ಲದ ನಾವು ಹೆಂಗಸರು ನಗರಸಭೆಗೆ ಗಂಟುಬಿದ್ದು ಬೀಗ ತೆಗೆಸಿ, ಮಾಸ್ಕ್ ಹೊಲಿಯಲು ಕೂತೆವು. ಅಳತೆಗೊಂದು ಮುಖ ಬೇಕಲ್ಲ? ಯಾರೂ ಯಾರ ಹತ್ತಿರವೂ ಹೋಗುವಂತಿರಲಿಲ್ಲ. ನಾನು ಕಣ್ಣು ಮುಚ್ಚಿ ನಿನ್ನ ಮುಖ ನೆನೆದು ಕತ್ತರಿಸಿಬಿಟ್ಟೆ. ಮದುವೆಯಾದವಳದಲ್ಲ, ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಓಡುತ್ತಿದ್ದವಳದು! ನಗರಸಭೆ ಅಧ್ಯಕ್ಷರು ಅಂತ ಅದನ್ನೇ ಕ್ಯಾಮೆರಾ ಮುಂದೆ ಹಾಕಿಕೊಂಡ ನಿನ್ನ ಮಾವನಿಗೆ ಮೂಗು ಮುಚ್ಚಿದರೆ ಬಾಯಿ ಕಾಣುತ್ತದೆ, ಬಾಯಿ ಮುಚ್ಚಿದರೆ ಮೂಗು. ಊರೆಲ್ಲ ನಕ್ಕಿತು. ಬೀಗರು ಕೆಂಡವಾಗಿ, ಇವರಿಗೆ ಹೊಲಿಗೇನೇ ಬರಲ್ಲ ಅಂತ ನಗರಸಭೆಯ ಮಾಸ್ಕಿನ ಆರ್ಡರನ್ನು ಹೊರಗಿನವರಿಗೆ ಕೊಡಿಸಿದರು. ಅವರ ಮಾಸ್ಕು ಮೊದಲ ಒಗೆತಕ್ಕೇ ಚಿಂದಿಯಾಯಿತು.

ನಮ್ಮ ಪುಟ್ಟ ಮಾಸ್ಕುಗಳನ್ನು ಶಾಲೆಯವರು ಒಂದೂ ಬಿಡದೆ ಒಯ್ದರು. ಅಳತೆ ತಿದ್ದಿಕೊಂಡ ಮೇಲೆ ಆಸ್ಪತ್ರೆಯವರೂ ಬಂದರು. ಈಗ ಅವರ ಬೆಡ್‌ಶೀಟು, ನರ್ಸುಗಳ ಯೂನಿಫಾರ್ಮು ಎಲ್ಲ ನಾವೇ ಹೊಲಿಯುವುದು. ಮಾಲೀಕನಿಲ್ಲ, ನಾವೇ ಒಡತಿಯರು. ರೋಗ ಹೋಯಿತು ನೋಡು, ನಿನ್ನ ಮಾವ ಶೆಡ್ಡು ಖಾಲಿ ಮಾಡಿಸಿ ಗೋದಾಮಿಗೆ ಕೊಡುತ್ತಾರಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ, ಅಲ್ಲವೇ?

ನಿಂತಿರುವುದು ಶೆಡ್ಡಿಗಾಗಿ, ಹಗೆಗಲ್ಲ. ಅವರು ಎದುರಾದರೆ ಇವತ್ತೂ ಬೀಗರೇ ಅಂತ ಕೈ ಮುಗಿಯುತ್ತೇನೆ. ಗೆಲ್ಲುವುದೂ ನಾನೇ, ಆ ಶಾಲೆಯ ಮಕ್ಕಳ ತಾಯಂದಿರೆಲ್ಲ ನಮ್ಮ ಕಡೆ. ಆದರೆ ನೀನು ಮಾತು ಬಿಟ್ಟರೆ ಗೆದ್ದ ದಿನ ನನಗೆ ಊಟ ಸೇರುವುದಿಲ್ಲ, ತಿಳಿದುಕೋ.

ನಿನ್ನ ಹಟಮಾರಿ
ಅಮ್ಮ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ನಿನ್ನ ಅತ್ತೆ ಹಿಂಬಾಗಿಲಿಂದ ಬಂದರು. ಬೈಸಿಕೊಳ್ಳಲು ತಯಾರಾಗಿ ಎದ್ದು ನಿಂತೆ. ಖಾಲಿ ಮಷಿನ್ ಇದ್ರೆ ನಂಗೂ ಒಂದು ಕೊಡಿ ಬೀಗಿತ್ತಿ, ಅವರ ಭಾಷಣ ಕೇಳಿ ಕೇಳಿ ಸಾಕಾಗಿದೆ ಅಂದರು. ಸೊಸೆ ನನ್ನ ಜವಾಬ್ದಾರಿ, ನೀವು ಮಾತ್ರ ಹಿಂದೆ ಸರೀಬೇಡಿ ಅಂತಲೂ ಅಂದರು. ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಾರೆ, ಹೊಲಿಗೆ ಸೊಟ್ಟಂಬಟ್ಟ. ಈ ಕಾಗದ ನಿನ್ನ ಕೈಗೆ ಕೊಡುವುದೂ ಅವರೇ.