ಅಪ್ಪ ತುಂಬಿದ ಗ್ಯಾಸು

ಅಪ್ಪಾ,

ನಿನ್ನ ಮೇಲೆ ಕೋಪ ಬಂದಿದೆ. ಕೋಪಕ್ಕಿಂತ ಹೆದರಿಕೆಯೇ ಹೆಚ್ಚು.

ನೆನಪಿದೆಯಾ, ಅರಸೀಕೆರೆಯ ನಮ್ಮ ಶೆಡ್ಡಿನಲ್ಲಿ ನೀನು ಮೊದಲು ಕಲಿಸಿದ್ದು ಆ ಪುಟ್ಟ ದೀಪ ಹಿಡಿಯುವುದನ್ನು. ಕಾರಿನ ಎಸಿ ಪೈಪಿನ ಪಕ್ಕ ಹಿಡಿದರೆ, ಗ್ಯಾಸ್ ಸೋರುವ ಕಡೆ ಉರಿ ಹಸಿರಾಗುತ್ತಿತ್ತು; ಆಗಿನ ಆ ಗ್ಯಾಸಿಗೆ ಬೆಂಕಿ ಹತ್ತುತ್ತಿರಲಿಲ್ಲ. "ಉರೀನ ನೋಡ್ಲಾ, ಬಾಯಿಗೆ ಕೆಲಸ ಕೊಡ್ಬ್ಯಾಡ" ಎಂದು ಗದರುತ್ತಿದ್ದೆ. ನೀನು ತೀರಿಕೊಂಡ ಮೇಲೆ ಶೆಡ್ಡು ನಾನೇ ನಡೆಸುತ್ತಿದ್ದೇನೆ. ಈಗ ಆ ಹಳೇ ಗ್ಯಾಸ್ ಸಿಗುತ್ತಿಲ್ಲ. ಬಂದ ಹಳೇ ಕಾರುಗಳನ್ನೆಲ್ಲ ಹೊಸ ಗ್ಯಾಸಿಗೆ ಬದಲಾಯಿಸಿ ಕೊಡುತ್ತಿದ್ದೇನೆ.

ಮೊನ್ನೆ ತಂಗಿ ಮಂಜುಳಾ ಬೇಲೂರಿನಿಂದ ಬಂದಳು, ನೀನು ಕೊಟ್ಟ ಬಿಳಿ ಕಾರಿನಲ್ಲಿ. ಹೂಂ, ನಿನ್ನ ಮಗಳೇ ಓಡಿಸಿಕೊಂಡು! ಎಸಿ ತಣ್ಣಗಾಗುತ್ತಿಲ್ಲ ಎಂದಳು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ನಿದ್ದೆ ಹೋಗಿದ್ದವು. ಹಳೇ ಗ್ಯಾಸೇ ಇರಬೇಕೆಂದು ದೀಪ ಹಚ್ಚಿ ಬಾನೆಟ್ಟಿನೊಳಗೆ ಬಗ್ಗಿದೆ. ವಾಸನೆ ಬಂತು. ಅಡುಗೆ ಗ್ಯಾಸಿನ ವಾಸನೆ! ಇನ್ನೊಂದು ಗೇಣು ಮುಂದೆ ಹಿಡಿದಿದ್ದರೆ... ದೀಪ ಹೇಗೆ ಆರಿಸಿದೆನೋ, ಮಕ್ಕಳನ್ನು ಹೇಗೆ ಹೊರಗೆಳೆದೆನೋ ಗೊತ್ತಿಲ್ಲ.

"ಯಾಕಣ್ಣ ಹಿಂಗೆ ಬೆವೆತಿದ್ದೀಯ?" ಎಂದಳು.

"ಇದಕ್ಕೆ ಗ್ಯಾಸ್ ತುಂಬಿದ್ದು ಯಾರು?"

"ಅಪ್ಪಾನೇ. ಆಮೇಲೆ ಎಸಿ ಹಾಕ್ಬ್ಯಾಡ ಕಣವ್ವ ಅಂತ ಬಂದಾಗೆಲ್ಲ ಹೇಳ್ತಿತ್ತು. ಪೆಟ್ರೋಲ್ ಉಳಿಸಕ್ಕೆ ಅಂದ್ಕಂಡಿದ್ದೆ."

ಹಾಗಾದರೆ ನಿನಗೆ ಗೊತ್ತಿತ್ತು. ನೀನೂ ಹೆದರಿದ್ದೆ. ಹಳೇ ಗ್ಯಾಸ್ ಸಿಗದ ಆ ಬೇಸಿಗೆಯಲ್ಲಿ ಮಗಳಿಗೆ ಇಲ್ಲ ಎನ್ನಲಾಗದೆ ಅಡುಗೆ ಗ್ಯಾಸನ್ನೇ ಎಸಿಗೆ ತುಂಬಿದೆಯಾ? ನನಗಾದರೂ ಒಂದು ಮಾತು ಹೇಳಬಾರದಿತ್ತೇ?

ಕಾರನ್ನು ಬಯಲಿಗೆ ತಳ್ಳಿಸಿ, ಗ್ಯಾಸೆಲ್ಲ ಹೋಗಲು ಬಿಟ್ಟು, ಗಾಳಿ ಬರುವ ದಿಕ್ಕಿನಲ್ಲಿ ದೂರ ನಿಂತೆ. ಬೀಡಿ ಹಚ್ಚಿಕೊಂಡು ಬಂದವರನ್ನೆಲ್ಲ ಬೈದು ಓಡಿಸಿದೆ. ಆಮೇಲೆ ಸೋರುತ್ತಿದ್ದ ಪೈಪು, ರಬ್ಬರ್ ರಿಂಗುಗಳು, ಎಣ್ಣೆ ಎಲ್ಲ ಬದಲಿಸಿ ಹೊಸ ಗ್ಯಾಸ್ ತುಂಬಿದೆ. ಮಂಜುಳಾಗೆ ನಿಜ ಹೇಳದೆ, ಪೈಪು ಸೋರುತ್ತಿತ್ತು ಎಂದಷ್ಟೇ ಹೇಳಿ ಕಳಿಸಿದೆ.

ಅವಳು ಹೊರಟ ಮೇಲೆ ಅಮ್ಮನನ್ನು ಕೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಲೇ, "ಹೂಂ ಕಣಪ್ಪ, ಒಲೆ ಮೇಲಿನ ಸಾರು ಇಳಿಸ್ಬುಟ್ಟು ಸಿಲಿಂಡರ್ ಶೆಡ್ಡಿಗೆ ಹೊತ್ಕಂಡು ಹೋಗೋರು. ಮೂರು ಸಲ" ಎಂದಳು.

ಮೂರು ಸಲ! ಮಂಜುಳಾದು ಒಂದು. ಇನ್ನೆರಡು ಯಾರದಪ್ಪಾ? ಜಾವಗಲ್ ಕಡೆಯದೋ, ಹಳೇಬೀಡಿನದೋ? ಅವರ ಹಿಂದಿನ ಸೀಟಿನಲ್ಲೂ ಯಾರ ಮಕ್ಕಳೋ... ನಾಳೆ ಬೆಳಗ್ಗೆ ಶೆಡ್ಡಿಗೆ ಬೀಗ ಹಾಕಿ ಹೊರಡುತ್ತೇನೆ. ನಿನ್ನ ಹಳೇ ಗಿರಾಕಿಗಳ ಒಂದು ಮನೆಯನ್ನೂ ಬಿಡುವುದಿಲ್ಲ. ಮೊದಲು ಹೋಗುವುದು ಬೇಲೂರಿಗೆ, ಮಂಜುಳಾ ಹತ್ತಿರ, ಅವತ್ತು ಹೇಳದ ನಿಜ ಹೇಳಲು. ಯಾರು ಮಾಡಿದ್ದು ಎಂದು ಕೇಳಿದರೆ ನಿನ್ನ ಹೆಸರನ್ನೇ ಹೇಳುತ್ತೇನೆ. ಕ್ಷಮಿಸಪ್ಪಾ.

ನಿನ್ನ ಮಗ